ಮೂಲಟೇಪು ಮತ್ತು ಮೂಲಪಾಠ : ಇಂಗ್ಲಿಷ್ ಜನಪದ-ರಾಕ್ ಸಂಗೀತದ ಪುನಃಶ್ರವಣ

೧

ಪ್ರಾಚೀನ ಕಾವ್ಯವೊಂದು ಹೊಸ ಮುದ್ರಣದಲ್ಲಿ ಕೈಗೆ ಬಂದಾಗ ವಿಚಾರವಂತನಾದ ಓದುಗನು ಮೊದಲು ನೋಡುವುದು ಅದರ ರಟ್ಟನ್ನಲ್ಲ, ಪೀಠಿಕೆಯನ್ನು. ಸಂಪಾದಕರು ಯಾವ ಓಲೆಪ್ರತಿಯನ್ನು ಆಧಾರವಾಗಿಟ್ಟುಕೊಂಡರು, ಎಷ್ಟು ಪ್ರತಿಗಳನ್ನು ಹೋಲಿಸಿದರು, ಲಿಪಿಕಾರನ ಸ್ಖಾಲಿತ್ಯಗಳನ್ನು ಹೇಗೆ ತಿದ್ದಿದರು, ತಿದ್ದುವಾಗ ತಮ್ಮ ಅಭಿರುಚಿಯನ್ನು ಎಲ್ಲಿ ತಡೆದು ನಿಲ್ಲಿಸಿದರು ಎಂಬುದನ್ನು ತಿಳಿದುಕೊಂಡ ಮೇಲೆಯೇ ಅವನು ಕಾವ್ಯದೊಳಗೆ ಕಾಲಿಡುತ್ತಾನೆ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ೧೯೬೪ರಲ್ಲಿ ಪ್ರಕಟವಾದಂದಿನಿಂದ ಈ ಎಚ್ಚರವು ನಮ್ಮ ವಿದ್ವತ್ತಿನ ಸ್ವಭಾವವೇ ಆಗಿದೆ. ಆದರೆ ಧ್ವನಿಮುದ್ರಿತ ಸಂಗೀತದ ವಿಷಯದಲ್ಲಿ ನಾವು ಈ ಎಚ್ಚರವನ್ನು ಹೊಸ್ತಿಲಿನ ಹೊರಗೇ ಬಿಟ್ಟು ಬರುತ್ತೇವೆ. ತಟ್ಟೆಯ ಮೇಲೆ ‘ರೀಮಾಸ್ಟರ್ಡ್’ ಎಂದು ಅಚ್ಚಾಗಿದ್ದರೆ ಅದು ಹಳೆಯದಕ್ಕಿಂತ ಉತ್ತಮವೆಂದು ನಂಬಿ ಕೊಳ್ಳುತ್ತೇವೆ. ಅಥವಾ ಹಳೆಯದೇ ಚಿನ್ನವೆಂದು ಹಠ ಹಿಡಿದು ಅದನ್ನು ಮುಟ್ಟದೆ ಇರುತ್ತೇವೆ. ಎರಡೂ ವಿಮರ್ಶೆಯಲ್ಲ, ಬರಿಯ ಶ್ರದ್ಧೆ.

೧೯೬೦ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಜನಪದ-ರಾಕ್ ಸಂಗೀತವು ಕಳೆದ ಮೂರು ದಶಕಗಳಲ್ಲಿ ಪುನಃಸಂಸ್ಕೃತ ಮುದ್ರಿಕೆಗಳ ಮೂಲಕ ಎರಡನೆಯ ಜನ್ಮ ಪಡೆದಿದೆ. ಈ ಎರಡನೆಯ ಜನ್ಮದಲ್ಲಿ ಅದು ಏನನ್ನು ಗಳಿಸಿತು, ಏನನ್ನು ಕಳೆದುಕೊಂಡಿತು, ಮತ್ತು ಅದನ್ನು ಕುರಿತ ನಮ್ಮ ತೀರ್ಮಾನಗಳಲ್ಲಿ ಯಾವುವನ್ನು ಬದಲಿಸಿಕೊಳ್ಳಬೇಕಾಗಿದೆ ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಪರದೇಶದ ಈ ವಿಷಯವನ್ನು ಕನ್ನಡದ ಪತ್ರಿಕೆಯಲ್ಲಿ ಎತ್ತಿಕೊಳ್ಳಲು ಒಂದು ಕಾರಣವಿದೆ. ಹಳ್ಳಿಯ ಹಾಡನ್ನು ಹಳ್ಳಿಯಿಂದ ದೂರವಾದ ನಗರವಾಸಿಗಳು ಹೇಗೆ ಉಳಿಸಿಕೊಳ್ಳಬಲ್ಲರೆಂಬ ಪ್ರಶ್ನೆ ಇದರ ಒಡಲಿನಲ್ಲಿದೆ. ಆ ಪ್ರಶ್ನೆ ನಮಗೂ ಹೊರಗಿನದಲ್ಲ.

೨

ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಹಾರ್ವರ್ಡಿನ ಪ್ರಾಧ್ಯಾಪಕ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಅವರು ಇಂಗ್ಲಿಷ್ ಮತ್ತು ಸ್ಕಾಟಿಷ್ ಕಥನಗೀತಗಳನ್ನು ಸಂಗ್ರಹಿಸಿ, ೩೦೫ ಗೀತಗಳಿಗೆ ಕ್ರಮಸಂಖ್ಯೆಯಿಟ್ಟು, ಪಾಠಾಂತರಗಳೊಡನೆ ೧೮೮೨ರಿಂದ ೧೮೯೮ರ ವರೆಗೆ ಪ್ರಕಟವಾದ ಮಹಾಸಂಪುಟಗಳಲ್ಲಿ ನೆಲೆಗೊಳಿಸಿದರು. ಪಾಂಡಿತ್ಯದಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅದರಲ್ಲಿ ಮಾತಿಗೆ ಸಂದ ಸ್ಥಾನ ರಾಗಕ್ಕೆ ಸಲ್ಲಲಿಲ್ಲ. ಆ ಕೊರತೆಯನ್ನು ಬರ್ಟ್ರಂಡ್ ಬ್ರಾನ್ಸನ್ ಅವರು ೧೯೫೯ರಿಂದ ೧೯೭೨ರ ವರೆಗಿನ ನಾಲ್ಕು ಸಂಪುಟಗಳಲ್ಲಿ ತುಂಬಿಕೊಡಬೇಕಾಯಿತು. ನಮ್ಮಲ್ಲಿಯೂ ಹಲಸಂಗಿ ಗೆಳೆಯರ ‘ಗರತಿಯ ಹಾಡು’ ೧೯೩೧ರಲ್ಲಿ ಅಚ್ಚಾದಾಗ ತ್ರಿಪದಿಯ ಮಾತು ಉಳಿಯಿತು. ಅದನ್ನು ಬೀಸುಕಲ್ಲಿನ ಮುಂದೆ ಹಾಡಿದ ಧಾಟಿ ಪುಟದ ಮೇಲೆ ಉಳಿಯುವಂತಿರಲಿಲ್ಲ. ಅಚ್ಚಿನ ಮೊಳೆ ಹಿಡಿಯಬಲ್ಲುದನ್ನು ಮಾತ್ರ ಹಿಡಿಯುತ್ತದೆ.

೧೯೦೩ರಲ್ಲಿ ಸೆಸಿಲ್ ಶಾರ್ಪ್ ಅವರು ಸಾಮರ್ಸೆಟ್ಟಿನ ಹ್ಯಾಂಬ್ರಿಜ್ ಎಂಬ ಊರಿನಲ್ಲಿ ತೋಟದ ಕೆಲಸಗಾರನೊಬ್ಬನ ಹಾಡನ್ನು ಕೇಳಿ ಬರೆದುಕೊಂಡರು. ಅಂದಿನಿಂದ ಇಂಗ್ಲಿಷ್ ಜನಪದ ಗೀತೆಯ ಸಂಗ್ರಹಕಾರ್ಯ ಒಂದು ಚಳುವಳಿಯಾಯಿತು. ಶಾರ್ಪ್ ಅವರ ಸಾಧನ ಕಿವಿ ಮತ್ತು ಲೇಖನಿ. ಅವರ ಸಮಕಾಲೀನರಾದ ಪರ್ಸಿ ಗ್ರೇಂಜರ್ ಅವರಾದರೋ ೧೯೦೬ರಲ್ಲಿ ಲಿಂಕನ್‌ಷೈರಿಗೆ ಫೋನೋಗ್ರಾಫ್ ಯಂತ್ರವನ್ನೇ ಒಯ್ದು ಮೇಣದ ಉರುಳೆಗಳ ಮೇಲೆ ಹಾಡನ್ನು ಹಿಡಿದರು. ಯಂತ್ರದ ಮುಂದೆ ಹಳ್ಳಿಯ ಹಾಡುಗಾರ ಅಳುಕುವನೆಂದು ಶಾರ್ಪ್ ಅವರಿಗೆ ಸಂದೇಹ. ಲೇಖನಿಯ ಮುಂದೆ ಹಾಡಿನ ಲಯವೇ ನೇರ್ಪಟ್ಟು ಹೋಗುವುದೆಂದು ಗ್ರೇಂಜರ್ ಅವರ ಆತಂಕ. ೧೯೦೮ರಲ್ಲಿ ಗ್ರಾಮಫೋನ್ ಕಂಪನಿಯು ಜೋಸೆಫ್ ಟೇಲರ್ ಎಂಬ ಎಪ್ಪತ್ತೈದರ ವೃದ್ಧ ಹಾಡುಗಾರನನ್ನು ಲಂಡನ್ನಿಗೆ ಕರೆಸಿ ತಟ್ಟೆಗಳನ್ನು ತಯಾರಿಸಿತು. ಆ ದನಿ ೧೯೭೨ರಲ್ಲಿ ಲೀಡರ್ ಸಂಸ್ಥೆಯ ‘ಅಂಟು ಬ್ರಿಗ್ ಫೇರ್’ ಎಂಬ ಉದ್ದತಟ್ಟೆಯಲ್ಲಿ ಮತ್ತೆ ಕೇಳಿಸಿತು. ಹೀಗೆ ಮೂಲಧ್ವನಿ, ಅದರ ಪ್ರತಿ, ಪ್ರತಿಯ ಶೋಧನೆ ಎಂಬ ಸಮಸ್ಯೆ ಇಂಗ್ಲಿಷ್ ಜನಪದ ಸಂಗೀತಕ್ಕೆ ಹುಟ್ಟಿನಿಂದಲೇ ಅಂಟಿಕೊಂಡು ಬಂದಿದೆ.

೩

೧೯೬೭ರಲ್ಲಿ ಉತ್ತರ ಲಂಡನ್ನಿನ ಮಸ್ವೆಲ್ ಹಿಲ್ ಎಂಬ ಬಡಾವಣೆಯ ತರುಣರು ಫೇರ್‌ಪೋರ್ಟ್ ಕನ್ವೆನ್ಷನ್ ಎಂಬ ವಾದ್ಯಗೋಷ್ಠಿಯನ್ನು ಕಟ್ಟಿದರು. ಆಶ್ಲಿ ಹಚಿಂಗ್ಸ್, ರಿಚರ್ಡ್ ಥಾಂಪ್ಸನ್, ಸೈಮನ್ ನಿಕಲ್ ಇವರು ಅದರ ಮೂಲಪುರುಷರು. ಇವರಾರೂ ಒಕ್ಕಲುಮಕ್ಕಳಲ್ಲ. ಮೊದಮೊದಲು ಅವರು ಹಾಡಿದ್ದು ಅಮೆರಿಕದ ಹಾಡುಗಳನ್ನು. ೧೯೬೮ರಲ್ಲಿ ಗಾಯಕಿ ಸ್ಯಾಂಡಿ ಡೆನ್ನಿ ಬಂದು ಸೇರಿದ ಮೇಲೆ, ಜನಪದ ಗಾಯನಕೂಟಗಳಲ್ಲಿ ಪಳಗಿದ ಆಕೆಯ ಸಂಗ್ರಹದಿಂದ ಹಳೆಯ ಇಂಗ್ಲಿಷ್ ಹಾಡುಗಳು ಒಂದೊಂದಾಗಿ ಒಳಗೆ ಬಂದವು. ಅದೇ ವರ್ಷ ಪ್ರಕಟವಾದ, ದಿ ಬ್ಯಾಂಡ್ ಎಂಬ ಗೋಷ್ಠಿಯ ‘ಮ್ಯೂಸಿಕ್ ಫ್ರಮ್ ಬಿಗ್ ಪಿಂಕ್’ ಈ ತರುಣರ ಕಣ್ಣು ತೆರೆಯಿಸಿತು. ಆ ಸಂಗೀತಗಾರರು ತಮ್ಮ ನೆಲದ ಹಾಡಿನಿಂದ ಹೊಸ ಸಂಗೀತವನ್ನು ತೆಗೆಯಬಹುದಾದರೆ, ತಾವು ಅವರನ್ನು ಅನುಕರಿಸುವುದೆಂದರೆ ಅವರ ಹಾಡನ್ನು ಹಾಡುವುದಲ್ಲ, ತಮ್ಮ ನೆಲವನ್ನು ಅಗೆಯುವುದು ಎಂಬ ಅರಿವು ಅವರಿಗೆ ಉಂಟಾಯಿತು. ಸಾಹಿತ್ಯದಲ್ಲಿಯೂ ನಿಜವಾದ ಪ್ರಭಾವವು ಕೆಲಸ ಮಾಡುವುದು ಹೀಗೆಯೇ.

ಮೊದಲ ಫಲ ೧೯೬೯ರ ‘ಅನ್‌ಹಾಫ್‌ಬ್ರಿಕಿಂಗ್’ ತಟ್ಟೆಯಲ್ಲಿರುವ ‘ಎ ಸೇಲರ್ಸ್ ಲೈಫ್’. ಕಡಲಿಗೆ ಹೋದ ಇನಿಯನನ್ನು ಅರಸಿ ದೋಣಿಯೇರಿದ ಹುಡುಗಿ ಅವನು ಮುಳುಗಿದ ಸುದ್ದಿ ಕೇಳಿ ತಾನೂ ಅಳಿಯುವ ಕಥೆ ಅದು. ಹನ್ನೊಂದು ನಿಮಿಷಗಳಿಗೂ ಮೀರಿದ ಈ ಹಾಡಿನಲ್ಲಿ ಲಯವು ಆರಂಭದಲ್ಲಿ ಇಲ್ಲವೇ ಇಲ್ಲ. ಗಿಟಾರಿನ ತಂತಿಗಳು ತಂಬೂರಿಯ ಶ್ರುತಿಯಂತೆ ಆಧಾರಸ್ವರವನ್ನು ಹಿಡಿದು ನಿಲ್ಲುತ್ತವೆ. ತಾಳದ ತಟ್ಟೆಗಳು ಅಲೆಯಂತೆ ಏರಿ ಇಳಿಯುತ್ತವೆ. ಕಥೆ ಮುಗಿದ ಮೇಲೆಯೇ ಡೇವ್ ಸ್ವಾರ್ಬ್ರಿಕ್ ಅವರ ಪಿಟೀಲೂ ಥಾಂಪ್ಸನ್ ಅವರ ಗಿಟಾರೂ ಒಂದನ್ನೊಂದು ಬೆನ್ನಟ್ಟುತ್ತ ದುಃಖವನ್ನು ಲಯಕ್ಕೆ ಒಪ್ಪಿಸುತ್ತವೆ. ಆಲಾಪನೆಯಿಂದ ಲಯಕ್ಕೆ ಇಳಿಯುವ ಕ್ರಮವನ್ನು ಬಲ್ಲ ಭಾರತೀಯ ಕೇಳುಗನಿಗೆ ಈ ನಡೆ ಅಪರಿಚಿತವೆನಿಸದು.

ಆ ತಟ್ಟೆ ಹೊರಬೀಳುವ ಮೊದಲೇ, ೧೯೬೯ರ ಮೇ ೧೨ರಂದು, ಬರ್ಮಿಂಗ್‌ಹ್ಯಾಮಿನ ಕಛೇರಿಯಿಂದ ಹಿಂದಿರುಗುತ್ತಿದ್ದ ಅವರ ವಾಹನ ಹೆದ್ದಾರಿಯಲ್ಲಿ ಅಪಘಾತಕ್ಕೀಡಾಯಿತು. ಹತ್ತೊಂಬತ್ತು ವರ್ಷದ ಡ್ರಮ್ ವಾದಕ ಮಾರ್ಟಿನ್ ಲ್ಯಾಂಬ್ಲ್ ಮತ್ತು ಥಾಂಪ್ಸನ್ ಅವರ ಗೆಳತಿ ತೀರಿಕೊಂಡರು. ಉಳಿದವರು ಹ್ಯಾಂಪ್‌ಷೈರಿನ ಫಾರ್ಲಿ ಚೇಂಬರ್ಲೇನ್ ಎಂಬ ಹಳ್ಳಿಯ ಮನೆಯಲ್ಲಿ ಆ ಬೇಸಗೆಯನ್ನು ಕಳೆದರು. ಸ್ವಾರ್ಬ್ರಿಕ್ ಅವರು ಕಾಯಂ ಸದಸ್ಯರಾದರು. ಡೇವ್ ಮ್ಯಾಟಕ್ಸ್ ಅವರು ಡ್ರಮ್ಮಿಗೆ ಬಂದರು. ಹಚಿಂಗ್ಸ್ ಅವರು ಲಂಡನ್ನಿನ ಸೆಸಿಲ್ ಶಾರ್ಪ್ ಹೌಸಿನ ಪುಸ್ತಕಭಂಡಾರದಲ್ಲಿ ಹಳೆಯ ಸಂಗ್ರಹಗಳನ್ನು ತಿರುವಿಹಾಕಿದರು. ಜೋ ಬಾಯ್ಡ್ ಅವರ ನಿರ್ಮಾಣದಲ್ಲಿ, ಜಾನ್ ವುಡ್ ಅವರ ಧ್ವನಿಮುದ್ರಣದಲ್ಲಿ, ಚೆಲ್ಸಿಯ ಸೌಂಡ್ ಟೆಕ್ನಿಕ್ಸ್ ಸ್ಟುಡಿಯೋದಲ್ಲಿ ಸಿದ್ಧವಾದ ‘ಲೀಜ್ ಅಂಡ್ ಲೀಫ್’ ಆ ವರ್ಷದ ಡಿಸೆಂಬರಿನಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಹಚಿಂಗ್ಸ್ ಅವರೂ ಡೆನ್ನಿಯೂ ಗೋಷ್ಠಿಯನ್ನು ಬಿಟ್ಟಾಗಿತ್ತು. ಕಾರ್ಯ ಮುಗಿಯುತ್ತಲೇ ಕರ್ತೃಗಳು ಚೆದುರಿದರು. ಕೃತಿ ಮಾತ್ರ ಉಳಿಯಿತು. ೨೦೦೬ರಲ್ಲಿ ಬಿ.ಬಿ.ಸಿ. ರೇಡಿಯೋದ ಕೇಳುಗರು ಅದನ್ನು ಅತ್ಯಂತ ಪ್ರಭಾವಶಾಲಿಯಾದ ಜನಪದ ಸಂಗೀತದ ತಟ್ಟೆಯೆಂದು ಆರಿಸಿದರು.

೪

ಈ ಕೃತಿಯ ಮೇಲೆ ಆರಂಭದಿಂದಲೂ ಒಂದು ಆಕ್ಷೇಪವಿದೆ: ಕಥನಗೀತವನ್ನು ವಿದ್ಯುತ್ ವಾದ್ಯಗಳು ನುಂಗಿಹಾಕಿವೆ, ಹಾಡು ನೆಪವಾಗಿದೆ ಎಂಬುದು. ಪುನಃಸಂಸ್ಕೃತ ಮುದ್ರಿಕೆಯ ಬೆಳಕಿನಲ್ಲಿ ಈ ಆಕ್ಷೇಪವನ್ನು ಮತ್ತೆ ವಿಚಾರಣೆಗೆ ತೆಗೆದುಕೊಳ್ಳಬೇಕಾಗಿದೆ. ಅದಕ್ಕೆ ಮೊದಲು ತಾಂತ್ರಿಕವಾದ ಎರಡು ಮಾತುಗಳು ಅವಶ್ಯ.

ಸ್ಟುಡಿಯೋದಲ್ಲಿ ಬೇರೆಬೇರೆ ಪಥಗಳಲ್ಲಿ ಮುದ್ರಿತವಾದ ಧ್ವನಿಗಳನ್ನು ಸಮತೋಲಗೊಳಿಸಿ ಎರಡು ಪಥಗಳಿಗೆ ಇಳಿಸಿದಾಗ ಮಾಸ್ಟರ್ ಟೇಪು ಸಿದ್ಧವಾಗುತ್ತದೆ. ಇದೇ ಮಾತೃಕೆ. ಇದರಿಂದ ಉದ್ದತಟ್ಟೆಯನ್ನು ಕೊರೆಯುವಾಗ ವಸ್ತುಧರ್ಮ ಅಡ್ಡ ಬರುತ್ತದೆ. ಮಂದ್ರಧ್ವನಿ ಬಲವಾದರೆ ಗೆರೆ ಅಗಲವಾಗಿ ಓಲಾಡಿ ಪಕ್ಕದ ಗೆರೆಗೆ ತಾಗುತ್ತದೆ. ಆದುದರಿಂದ ಅದನ್ನು ಅಡಗಿಸುತ್ತಾರೆ. ತಟ್ಟೆ ನಿಮಿಷಕ್ಕೆ ಮೂವತ್ತಮೂರು ಮತ್ತು ಮೂರನೆಯ ಒಂದು ಸುತ್ತು ತಿರುಗುವುದರಿಂದ ಹೊರಅಂಚಿನಲ್ಲಿ ಸೂಜಿಯ ಕೆಳಗೆ ಹೆಚ್ಚು ಉದ್ದದ ಗೆರೆ ಹಾಯುತ್ತದೆ, ನಡುವಿನ ಕಡೆಗೆ ಹೋದಂತೆ ಕಡಿಮೆ. ಅಲ್ಲಿ ತಾರಧ್ವನಿ ಮಸುಕಾಗುತ್ತದೆ, ಸಕಾರ ಶಕಾರಗಳು ಕೆರೆಯುತ್ತವೆ. ೧೯೮೦ರ ದಶಕದಲ್ಲಿ ಕಾಂಪ್ಯಾಕ್ಟ್ ಡಿಸ್ಕುಗಳು ಬಂದಾಗ ಅವಸರದ ಪ್ರಕಾಶಕರು ಅನೇಕ ವೇಳೆ ಮಾತೃಕೆಯನ್ನು ಹುಡುಕದೆ, ಉದ್ದತಟ್ಟೆಯ ಕೊರೆತಕ್ಕಾಗಿ ಹದಗೊಳಿಸಿದ ಪ್ರತಿಯ ಪ್ರತಿಯಿಂದಲೇ ಕೆಲಸ ಮುಗಿಸಿದರು. ಮುಂದೆ ೧೯೯೦ರ ದಶಕದಲ್ಲಿಯೂ ಅನಂತರವೂ, ಮೊದಲ ತಲೆಮಾರಿನ ಟೇಪನ್ನೇ ಹುಡುಕಿ ತೆಗೆದು, ಯಂತ್ರದ ತಲೆಯನ್ನು ಅದಕ್ಕೆ ಹೊಂದಿಸಿ, ಹೊಸದಾಗಿ ಅಂಕಿಗಳಿಗೆ ಇಳಿಸುವ ಕಾರ್ಯ ನಡೆಯಿತು. ನಿಷ್ಠೆಯಿಂದ ಮಾಡಿದ ಪುನಃಸಂಸ್ಕರಣವೆಂದರೆ ಇದು. ಬ್ಯಾಂಕಿನ ಮೇಜಿನ ಮುಂದೆ ಆಯುಷ್ಯ ಸವೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಲೆಜರಿನಲ್ಲಿ ಸಂದೇಹ ಬಂದರೆ ಲೆಜರನ್ನೇ ದಿಟ್ಟಿಸಿ ಪ್ರಯೋಜನವಿಲ್ಲ, ಮೂಲ ವೋಚರನ್ನು ತೆಗೆಯಿಸಬೇಕು.

ಇಲ್ಲಿ ಒಂದು ಭೇದವನ್ನು ಗಮನದಲ್ಲಿಡಬೇಕು. ಮಾತೃಕೆಯನ್ನು ಇದ್ದಂತೆ ಸ್ಪಷ್ಟಪಡಿಸುವುದು ಪುನಃಸಂಸ್ಕರಣ. ಮಾತೃಕೆಗೂ ಹಿಂದೆ ಹೋಗಿ ಬಿಡಿ ಪಥಗಳನ್ನು ಹೊಸದಾಗಿ ಬೆರೆಸುವುದು ಪುನರ್ಮಿಶ್ರಣ. ಮೊದಲನೆಯದು ಸಂಪಾದನೆ, ಎರಡನೆಯದು ಪುನಾರಚನೆಗೆ ಸಮೀಪವಾದುದು. ವ್ಯಾಪಾರದ ಜಾಹೀರಾತು ಎರಡನ್ನೂ ಒಂದೇ ಹೆಸರಿನಿಂದ ಮಾರುವುದುಂಟು.

ಈಗ ‘ಲೀಜ್ ಅಂಡ್ ಲೀಫ್’ ತಟ್ಟೆಯ ವಿನ್ಯಾಸವನ್ನು ನೋಡೋಣ. ಎಂಟು ಭಾಗಗಳಲ್ಲಿ, ಮೊದಲ ಮುಖದ ಕೊನೆಗೆ ‘ಫೇರ್‌ವೆಲ್, ಫೇರ್‌ವೆಲ್’, ಎರಡನೆಯ ಮುಖದ ಕೊನೆಗೆ ‘ಕ್ರೇಜಿ ಮ್ಯಾನ್ ಮೈಕೇಲ್’. ಇವೆರಡೂ ಪರಂಪರೆಯಿಂದ ಬಂದ ಪದ್ಯಗಳಲ್ಲ. ಮೊದಲನೆಯದು ‘ವಿಲ್ಲಿ ಓ ವಿನ್ಸ್‌ಬರಿ’ ಎಂಬ ಹಳೆಯ ಕಥನಗೀತದ ಮಟ್ಟಿಗೆ ಥಾಂಪ್ಸನ್ ಅವರು ಬರೆದ ಹೊಸ ಮಾತು. ಎರಡನೆಯದು ಥಾಂಪ್ಸನ್ ಮತ್ತು ಸ್ವಾರ್ಬ್ರಿಕ್ ಅವರ ಸ್ವಂತ ರಚನೆ. ಅಂದರೆ ಹಳೆಯ ಪರಂಪರೆಗೆ ಆ ಗೋಷ್ಠಿಯು ಕೊಟ್ಟ ಉತ್ತರಗಳೆರಡೂ ತಟ್ಟೆಯ ಅತ್ಯಂತ ಒಳಗಿನ ಗೆರೆಗಳಲ್ಲಿ, ಧ್ವನಿ ಸಹಜವಾಗಿಯೇ ಬಡವಾಗುವ ಜಾಗದಲ್ಲಿ ಕುಳಿತಿದ್ದವು. ಸವೆದ ತಟ್ಟೆಯಲ್ಲಿ ಇವು ದೊಡ್ಡ ಕಥನಗೀತಗಳ ಹಿಂದಿನ ಬಾಲದಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ೨೦೦೨ರ ಪುನಃಸಂಸ್ಕೃತ ಮುದ್ರಿಕೆಯಲ್ಲಿ ಹೊರ ಗೆರೆ ಒಳ ಗೆರೆ ಎಂಬ ಭೇದವೇ ಇಲ್ಲ. ಅಲ್ಲಿ ಅವು ಬಾಲಗಳಲ್ಲ, ತೀರ್ಮಾನಗಳು. ಹಳೆಯ ಹಾಡಿನಲ್ಲಿ ಸಾವು ಇತರರದು. ಆ ವರ್ಷ ತಾವೇ ಸಾವನ್ನು ಕಂಡ ತರುಣರು ಅದೇ ಭಾಷೆಯಲ್ಲಿ ತಮ್ಮದನ್ನು ಹೇಳಲು ಕಲಿತಿದ್ದಾರೆ. ಇದು ಸ್ಪಷ್ಟವಾಗದೆ ಕೃತಿಯ ಅರ್ಥ ಪೂರ್ಣವಾಗುವುದಿಲ್ಲ.

‘ಮ್ಯಾಟಿ ಗ್ರೋವ್ಸ್’ ಚೈಲ್ಡ್ ಸಂಗ್ರಹದ ಎಂಬತ್ತೊಂದನೆಯ ಗೀತ. ಒಡೆಯನ ಹೆಂಡತಿ ಹಬ್ಬದ ದಿನ ತರುಣನೊಬ್ಬನನ್ನು ಮನೆಗೆ ಕರೆಯುತ್ತಾಳೆ. ಆಳು ಓಡಿಹೋಗಿ ದೂರು ಹೇಳುತ್ತಾನೆ. ಒಡೆಯ ಬಂದು ಇಬ್ಬರನ್ನೂ ಎಬ್ಬಿಸಿ, ನಿರಾಯುಧನಾದ ತರುಣನಿಗೆ ತನ್ನ ಕತ್ತಿಗಳಲ್ಲಿ ಉತ್ತಮವಾದುದನ್ನು ಕೊಟ್ಟು ಕಾದಿ ಕೊಲ್ಲುತ್ತಾನೆ. ಸತ್ತ ನಲ್ಲನನ್ನೇ ಮೆಚ್ಚಿದ ಹೆಂಡತಿಯನ್ನೂ ಕೊಲ್ಲುತ್ತಾನೆ. ಇಬ್ಬರನ್ನೂ ಒಂದೇ ಗುಳಿಯಲ್ಲಿ ಹೂಳಿಸಿ, ಕುಲೀನಳೆಂದು ಹೆಂಡತಿಯನ್ನು ಮೇಲಿರಿಸುತ್ತಾನೆ. ಡೆನ್ನಿಯ ಗಾಯನದಲ್ಲಿ ಈ ರಕ್ತಪಾತಕ್ಕೆ ಒಂದಿಷ್ಟೂ ಅಭಿನಯವಿಲ್ಲ. ಒಡೆಯನ ಮಾತು, ಹೆಂಡತಿಯ ಮಾತು, ಆಳಿನ ಮಾತು ಎಲ್ಲವೂ ಒಂದೇ ಸಮದನಿಯಲ್ಲಿ, ಸಾಕ್ಷಿ ಹೇಳುವವಳ ನಿರ್ಲಿಪ್ತತೆಯಲ್ಲಿ ಬರುತ್ತವೆ. ಇದೇ ಜನಪದ ಕಥನದ ಮರ್ಯಾದೆ. ಹಳೆಯ ಮಸುಕು ಪ್ರತಿಗಳಲ್ಲಿ ಕಂಠ ಮತ್ತು ವಾದ್ಯಗಳು ಒಂದಕ್ಕೊಂದು ಮೆತ್ತಿಕೊಂಡಿದ್ದುದರಿಂದ ವಾದ್ಯದ ಆವೇಶವನ್ನು ನಾವು ಕಂಠಕ್ಕೂ ಆರೋಪಿಸಿದೆವು. ಪರಿಷ್ಕೃತ ಮುದ್ರಿಕೆಯಲ್ಲಿ ಅವೆರಡೂ ಬೇರೆಬೇರೆಯಾಗಿ ನಿಲ್ಲುತ್ತವೆ. ಕಂಠವು ಹೇಳಲು ನಿರಾಕರಿಸಿದ ಕ್ರೋಧವನ್ನು ವಾದ್ಯಗಳು ಹೊತ್ತು, ಹೂಳಿದ ಮೇಲೆ ಬರುವ ದೀರ್ಘ ವಾದನದಲ್ಲಿ ಕಾರಿಕೊಳ್ಳುತ್ತವೆ. ಇದು ನುಂಗುವುದಲ್ಲ, ಹಂಚಿಕೊಳ್ಳುವುದು. ಯಕ್ಷಗಾನದಲ್ಲಿ ಭಾಗವತರು ಪದ್ಯವನ್ನು ಹೇಳಿ ಮುಗಿಸಿದ ಮೇಲೆ ಅದರ ವೀರಾವೇಶವನ್ನು ಚಂಡೆ ಕೈಗೆತ್ತಿಕೊಳ್ಳುವುದನ್ನು ನೋಡಿದವರು ಈ ಕಾರ್ಯವಿಭಾಗವನ್ನು ಸುಲಭವಾಗಿ ಒಪ್ಪಬಲ್ಲರು. ಆದುದರಿಂದ ಹಳೆಯ ಆಕ್ಷೇಪವು ಕೃತಿಯ ದೋಷವನ್ನಲ್ಲ, ಬಹುಮಟ್ಟಿಗೆ ಪ್ರತಿಯ ದೋಷವನ್ನೇ ಕುರಿತದ್ದಾಗಿತ್ತೆಂದು ನನ್ನ ಅಭಿಪ್ರಾಯ.

ಶುದ್ಧತೆಯ ಪ್ರಶ್ನೆಯೂ ಇಲ್ಲಿಯೇ ಇತ್ಯರ್ಥವಾಗುತ್ತದೆ. ‘ಮ್ಯಾಟಿ ಗ್ರೋವ್ಸ್’ ಗೀತಕ್ಕೆ ಇವರು ಅಳವಡಿಸಿದ ಮಟ್ಟು ಅಮೆರಿಕದ ಅಪಲೇಚಿಯ ಬೆಟ್ಟಸೀಮೆಯಲ್ಲಿ ಬಳಕೆಯಲ್ಲಿದ್ದದ್ದು. ‘ಟ್ಯಾಮ್ ಲಿನ್’ ಸ್ಕಾಟ್ಲೆಂಡಿನ ಗಡಿನಾಡಿನದು. ‘ರೆನಾರ್ಡೈನ್’ ಇಂದು ಪ್ರಚಲಿತವಾಗಿರುವ ರೂಪದಲ್ಲಿ ವಿದ್ವಾಂಸ-ಗಾಯಕ ಎ. ಎಲ್. ಲಾಯ್ಡ್ ಅವರ ಕೈವಾಡ ಬಹಳಷ್ಟಿದೆ. ‘ಇಂಗ್ಲಿಷ್’ ಎಂಬ ವಿಶೇಷಣ ಇಲ್ಲಿ ನೆಲವನ್ನು ಸೂಚಿಸುವುದಕ್ಕಿಂತ ಹೆಚ್ಚಾಗಿ ಆಯ್ಕೆಯನ್ನು ಸೂಚಿಸುತ್ತದೆ. ಪರಂಪರೆಯೆಂಬುದು ಹುಟ್ಟಿನಿಂದ ಬಂದ ಆಸ್ತಿ ಮಾತ್ರವಲ್ಲ, ಆರಿಸಿ ಹೊತ್ತ ಹೊಣೆಯೂ ಹೌದು.

೫

ಪುನಃಸಂಸ್ಕರಣದ ಹೆಸರಿನಲ್ಲಿ ನಡೆದ ಕೆಲಸಗಳೆಲ್ಲ ಒಂದೇ ಜಾತಿಯವಲ್ಲ. ಗ್ರಂಥಸಂಪಾದನೆಯ ಪರಿಭಾಷೆಯನ್ನು ಬಳಸಿ ಅವನ್ನು ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು ಶೋಧನೆ. ಮೇಲೆ ಹೇಳಿದ ‘ಲೀಜ್ ಅಂಡ್ ಲೀಫ್’ ಇದಕ್ಕೆ ಉದಾಹರಣೆ.

ಎರಡನೆಯದು ಪಾಠಾಂತರಗಳ ಪ್ರಕಟನೆ. ೧೯೯೩ರಲ್ಲಿ ಹೊರಬಂದ ಥಾಂಪ್ಸನ್ ಅವರ ‘ವಾಚಿಂಗ್ ದಿ ಡಾರ್ಕ್’ ಸಂಕಲನದಲ್ಲಿ ‘ಎ ಸೇಲರ್ಸ್ ಲೈಫ್’ ಹಾಡಿನ, ಪಿಟೀಲಿಲ್ಲದ ಬೇರೊಂದು ಮುದ್ರಣವಿದೆ. ಹಾಗೆಯೇ ೨೦೦೨ರ ‘ಲೀಜ್ ಅಂಡ್ ಲೀಫ್’ ಮುದ್ರಿಕೆಗೆ ಡೆನ್ನಿ ಹಾಡಿದ ‘ಸರ್ ಪ್ಯಾಟ್ರಿಕ್ ಸ್ಪೆನ್ಸ್’ ಸೇರಿಸಲಾಗಿದೆ. ೧೯೭೦ರ ‘ಫುಲ್ ಹೌಸ್’ ತಟ್ಟೆಯಲ್ಲಿ ನಾವು ಕೇಳುತ್ತಿದ್ದುದು, ಆಕೆ ಹೊರಟುಹೋದ ಮೇಲೆ ಉಳಿದ ಗಂಡಸರು ಹಾಡಿದ ಅದೇ ಗೀತ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿದರೆ, ಗಾಯಕಿಯ ನಿರ್ಗಮನದಿಂದ ಗೋಷ್ಠಿ ಕಳೆದುಕೊಂಡದ್ದೇನು, ಅನಿವಾರ್ಯದಿಂದ ಗಳಿಸಿದ ಒರಟು ಕಸುವೇನು ಎಂಬುದು ಊಹೆಯಾಗಿ ಉಳಿಯದೆ ಪ್ರಮಾಣವಾಗುತ್ತದೆ. ಸಂಶೋಧಕನಿಗೆ ಇದಕ್ಕಿಂತ ಹೆಚ್ಚಿನ ಉಪಕಾರವಿಲ್ಲ.

ಮೂರನೆಯದು ಕರ್ತೃವೇ ತೆಗೆದುಹಾಕಿದುದನ್ನು ಮರಳಿ ಸೇರಿಸುವುದು. ‘ಫುಲ್ ಹೌಸ್’ ಅಚ್ಚಾಗುವ ಕೊನೆಯ ಹಂತದಲ್ಲಿ, ಥಾಂಪ್ಸನ್ ಅವರ ಒತ್ತಾಯದಿಂದ ‘ಪೂರ್ ವಿಲ್ ಅಂಡ್ ದಿ ಜಾಲಿ ಹ್ಯಾಂಗ್‌ಮನ್’ ಎಂಬ ಹಾಡನ್ನು ಕೈಬಿಡಲಾಯಿತು. ಅಚ್ಚಾಗಿದ್ದ ಹೊದಿಕೆಗಳ ಮೇಲೆ ಅದರ ಹೆಸರಿಗೆ ಮಸಿ ಬಳಿಯಬೇಕಾಯಿತು. ೨೦೦೧ರ ಪುನಃಸಂಸ್ಕೃತ ಮುದ್ರಿಕೆಯಲ್ಲಿ ಆ ಹಾಡು ಮರಳಿ ಬಂದಿದೆ. ಕೃತಿಕಾರನ ಅಂದಿನ ನಿರ್ಧಾರ ಪ್ರಮಾಣವೋ, ಇಂದಿನ ಓದುಗನ ಕುತೂಹಲ ಪ್ರಮಾಣವೋ? ಕವಿ ಹೊಡೆದುಹಾಕಿದ ಸಾಲನ್ನು ಸಂಪಾದಕನು ಅಡಿಟಿಪ್ಪಣಿಯಲ್ಲಿ ಕೊಡಬಹುದು, ಪಠ್ಯದ ಒಳಗೆ ತೂರಿಸಬಾರದು. ಧ್ವನಿಮುದ್ರಿಕೆಗೆ ಅಡಿಟಿಪ್ಪಣಿಯ ಸೌಕರ್ಯವಿಲ್ಲ. ಇಂಥ ಹಾಡುಗಳನ್ನು ಮೂಲಕೃತಿ ಮುಗಿದ ಬಳಿಕ, ತುಸು ಮೌನವನ್ನು ಬಿಟ್ಟು, ಅನುಬಂಧವೆಂದು ಸ್ಪಷ್ಟವಾಗಿ ಹೆಸರಿಸಿ ಕೊಡುವುದೇ ನ್ಯಾಯವಾದ ಮಾರ್ಗ.

ನಾಲ್ಕನೆಯದು ಪೂರಣ. ಫೇರ್‌ಪೋರ್ಟ್ ಬಿಟ್ಟ ಡೆನ್ನಿ ೧೯೭೦ರಲ್ಲಿ ಫಾದರಿಂಗೇ ಎಂಬ ಗೋಷ್ಠಿಯನ್ನು ಕಟ್ಟಿ ಒಂದು ತಟ್ಟೆಯನ್ನು ಹೊರತಂದಳು. ಎರಡನೆಯದು ಅರ್ಧದಲ್ಲಿಯೇ ನಿಂತಿತು. ಡೆನ್ನಿ ೧೯೭೮ರಲ್ಲಿ ಮೂವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡಳು. ಗೋಷ್ಠಿಯಲ್ಲಿ ಉಳಿದವರು, ಗಿಟಾರ್ ವಾದಕ ಜೆರಿ ಡಾನಹ್ಯೂ ಅವರ ಮುಂದಾಳುತನದಲ್ಲಿ, ಹಳೆಯ ಟೇಪುಗಳ ಮೇಲೆ ಹೊಸ ವಾದನವನ್ನು ಕೂಡಿಸಿ ೨೦೦೮ರಲ್ಲಿ ಅದನ್ನು ಪೂರ್ಣಗೊಳಿಸಿದರು. ಇದು ಪ್ರೀತಿಯ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಒಂದೇ ಹಾಡಿನಲ್ಲಿ ಮೂವತ್ತೆಂಟು ವರ್ಷಗಳ ಅಂತರವುಳ್ಳ ಎರಡು ಕೈಗಳು ಬೆರೆತಿವೆ. ಕೀಟ ತಿಂದ ಗರಿಯ ಅಕ್ಷರಗಳನ್ನು ಊಹಿಸಿ ತುಂಬುವ ಸಂಪಾದಕನು ಅವನ್ನು ಕಂಸದಲ್ಲಿಡುತ್ತಾನೆ. ಇಲ್ಲಿ ಕಂಸವನ್ನು ಕೇಳುಗನೇ ಮನಸ್ಸಿನಲ್ಲಿ ಹಾಕಿಕೊಳ್ಳಬೇಕು.

೬

ಪುನಃಸಂಸ್ಕರಣವನ್ನು ವಿರೋಧಿಸುವವರ ವಾದದಲ್ಲಿಯೂ ಸತ್ಯಾಂಶವುಂಟು. ಟೇಪಿನ ಸುಯ್ಲನ್ನು ತೆಗೆಯಹೋಗಿ ಅದರೊಡನೆ ತಾಳದ ತಟ್ಟೆಯ ಕಿಣಿಕಿಣಿಯನ್ನೂ, ಸ್ಟುಡಿಯೋದ ಗಾಳಿಯನ್ನೂ ತೆಗೆದುಹಾಕಿದ ಮುದ್ರಿಕೆಗಳಿವೆ. ಇನ್ನೂ ದೊಡ್ಡ ಅಪಚಾರವೆಂದರೆ ಧ್ವನಿಯ ಏರಿಳಿತವನ್ನು ತಗ್ಗಿಸಿ ಎಲ್ಲವನ್ನೂ ಒಂದೇ ಎತ್ತರಕ್ಕೆ ಎಳೆಯುವುದು. ೧೯೯೦ರ ದಶಕದ ಕೊನೆಯಿಂದ ಹಲವು ವರ್ಷ ಈ ಚಾಳಿ ಬಲವಾಗಿತ್ತು. ಅಂಗಡಿಯಲ್ಲಿಯೂ ರೇಡಿಯೋದಲ್ಲಿಯೂ ತಮ್ಮ ತಟ್ಟೆಯೇ ಗಟ್ಟಿಯಾಗಿ ಕೇಳಿಸಬೇಕೆಂಬ ಪೈಪೋಟಿ ಇದಕ್ಕೆ ಕಾರಣ. ಪಿಸುಮಾತೂ ಕೂಗೂ ಒಂದೇ ಗಟ್ಟಿಯಾದರೆ ‘ಎ ಸೇಲರ್ಸ್ ಲೈಫ್’ ಹಾಡಿನಲ್ಲಿ ಕಡಲು ಏರುವುದಾದರೂ ಹೇಗೆ? ಹಳೆಯ ಗುಡಿಯ ಕಲ್ಲುಕಂಬಕ್ಕೆ ಜೀರ್ಣೋದ್ಧಾರದ ಹೆಸರಿನಲ್ಲಿ ಎಣ್ಣೆಬಣ್ಣ ಬಳಿದದ್ದನ್ನು ನಮ್ಮ ನಾಡಿನಲ್ಲಿ ಕಂಡು ನೊಂದವರಿಗೆ ಈ ನೋವು ಅರ್ಥವಾಗದೆ ಇರದು.

ಆದರೆ ಮೊದಲ ಉದ್ದತಟ್ಟೆಯೇ ಮೂಲ, ಮಿಕ್ಕದ್ದೆಲ್ಲ ಕೆಡಿಸಿದ್ದು ಎಂಬ ವಾದವನ್ನು ಒಪ್ಪಲಾಗದು. ಆ ತಟ್ಟೆಯೂ ಮಾತೃಕೆಯ ಒಂದು ಪ್ರತಿ; ಅದರ ಲಿಪಿಕಾರ ಕೊರೆಯುವ ಯಂತ್ರ. ಮೊದಲ ಓದುಗರು ಓದಿದ ಪಾಠವೆಂಬ ಐತಿಹಾಸಿಕ ಮಹತ್ವ ಅದಕ್ಕೆ ಸಲ್ಲತಕ್ಕದ್ದು, ಕರ್ತೃಪಾಠವೆಂಬ ಪದವಿಯಲ್ಲ. ಹಾಗೆಯೇ ಹೊಸ ಮುದ್ರಿಕೆಯೂ ಕರ್ತೃಪಾಠವಲ್ಲ, ಅದರ ಕಡೆಗೆ ಇಟ್ಟ ಒಂದು ಹೆಜ್ಜೆ. ಆದುದರಿಂದ ಯಾವುದೇ ಪುನಃಸಂಸ್ಕೃತ ಮುದ್ರಿಕೆಯನ್ನು ಕೈಗೆತ್ತಿಕೊಂಡಾಗ ಮೂರು ಪ್ರಶ್ನೆಗಳನ್ನು ಕೇಳಬೇಕು: ಆಧಾರ ಯಾವ ತಲೆಮಾರಿನ ಟೇಪು? ಪಥಗಳನ್ನು ಮತ್ತೆ ಬೆರೆಸಿದ್ದಾರೆಯೆ? ಏರಿಳಿತವನ್ನು ಉಳಿಸಿದ್ದಾರೆಯೆ? ಹೊದಿಕೆಯ ಟಿಪ್ಪಣಿಯಲ್ಲಿ ಉತ್ತರವಿಲ್ಲದಿದ್ದರೆ ಆ ಮುದ್ರಿಕೆ ಪೀಠಿಕೆಯಿಲ್ಲದ ಗ್ರಂಥ. ತಂತಿಯ ಮೂಲಕ ಮನೆಮನೆಗೆ ಹಾಡು ಹರಿದುಬರುವ ಇಂದಿನ ವ್ಯವಸ್ಥೆಯಲ್ಲಿ ಈ ಟಿಪ್ಪಣಿಯೇ ಬಹುಮಟ್ಟಿಗೆ ಲುಪ್ತವಾ‌ಗಿರುವುದು ಕಳವಳದ ಸಂಗತಿ.

೭

ಇದುವರೆಗೆ ಕೃತಿಗಳ ಮಾತಾಯಿತು. ಪುನಃಪ್ರಕಾಶನವು ಮನುಷ್ಯರನ್ನೂ ಮರಳಿ ತಂದಿದೆ ಎಂಬುದನ್ನು ಮರೆಯಬಾರದು. ವಾಷ್ಟಿ ಬನ್ಯನ್ ಎಂಬ ಗಾಯಕಿಯ ‘ಜಸ್ಟ್ ಅನದರ್ ಡೈಮಂಡ್ ಡೇ’ ೧೯೭೦ರಲ್ಲಿ ಪ್ರಕಟವಾದಾಗ ಕೊಂಡವರು ವಿರಳ. ಆಕೆ ಸಂಗೀತವನ್ನೇ ಬಿಟ್ಟುಬಿಟ್ಟಳು. ೨೦೦೦ದಲ್ಲಿ ಆ ತಟ್ಟೆ ಮರುಪ್ರಕಟವಾಗಿ, ಅದು ಬಂದಾಗ ಹುಟ್ಟಿಯೇ ಇರದ ತರುಣ ಸಂಗೀತಗಾರರು ಅದನ್ನು ತಲೆಯ ಮೇಲಿಟ್ಟುಕೊಂಡರು. ಮೂವತ್ತೈದು ವರ್ಷಗಳ ಬಳಿಕ, ೨೦೦೫ರಲ್ಲಿ, ಆಕೆಯ ಎರಡನೆಯ ಸಂಗ್ರಹ ಹೊರಬಂದಿತು. ಶರ್ಲಿ ಕಾಲಿನ್ಸ್ ಅವರು ಇಂಗ್ಲಿಷ್ ಜನಪದ ಗಾಯನದ ಅಗ್ರಗಣ್ಯರು. ಹಚಿಂಗ್ಸ್ ಅವರೊಡನೆ ೧೯೭೧ರಲ್ಲಿ ‘ನೋ ರೋಸಸ್’ ಎಂಬ ಉತ್ಕೃಷ್ಟ ಕೃತಿಯನ್ನು ಕೊಟ್ಟವರು. ಮುಂದೆ ಕಂಠವೇ ಕೈಕೊಟ್ಟು ದಶಕಗಳ ಕಾಲ ಮೌನವಾಗಿದ್ದರು. ಹಳೆಯ ಮುದ್ರಿಕೆಗಳು ಹೊಸ ಕೇಳುಗರನ್ನು ಸೃಷ್ಟಿಸಿಟ್ಟಿದ್ದುದರಿಂದ, ೨೦೧೬ರಲ್ಲಿ ಎಂಬತ್ತೊಂದರ ವಯಸ್ಸಿನಲ್ಲಿ ‘ಲೋಡ್‌ಸ್ಟಾರ್’ ಎಂಬ ಹೊಸ ಸಂಗ್ರಹವನ್ನು ಕೊಟ್ಟಾಗ ಅವರನ್ನು ಕಾಯುತ್ತಿದ್ದವರು ಇದ್ದರು.

ವಾದನಕ್ಕೆ ಮರಳಿ ಬಾರದವರೂ ಉಂಟು. ನಿಕ್ ಜೋನ್ಸ್ ಅವರ ‘ಪೆಂಗ್ವಿನ್ ಎಗ್ಸ್’ ೧೯೮೦ರಲ್ಲಿ ಬಂದು ಮನ್ನಣೆ ಪಡೆಯಿತು. ೧೯೮೨ರ ರಸ್ತೆ ಅಪಘಾತ ಅವರ ವಾದನವನ್ನು ನಿಲ್ಲಿಸಿತು. ಅವರ ಮೊದಲ ತಟ್ಟೆಗಳಾದರೋ ಹಕ್ಕುದಾರಿಕೆಯ ತೊಡಕಿನಿಂದ ದೀರ್ಘಕಾಲ ಸರಿಯಾಗಿ ಮರುಪ್ರಕಟವಾಗಲಿಲ್ಲ. ಟೇಪು ಇದ್ದೂ ಕೇಳಸಿಗದ ಕೃತಿ, ಮಠದ ಕಪಾಟಿನಲ್ಲಿ ಬೀಗ ಹಾಕಿಟ್ಟ ಓಲೆಕಟ್ಟಿನಂತೆ. ಅದು ನಾಶವಾಗಿಲ್ಲ, ಆದರೆ ಬದುಕಿರುವುದೆಂದೂ ಹೇಳಲಾಗದು. ಕೃತಿಗೆ ಹುಳುವಿನಿಂದ ಎಷ್ಟು ಅಪಾಯವೋ ಬೀಗದಿಂದಲೂ ಅಷ್ಟೇ ಅಪಾಯ.

೮

ಮೇಲಿನ ವಿವೇಚನೆಯ ಸಾರಾಂಶವಿಷ್ಟು. ಇಂಗ್ಲಿಷ್ ಜನಪದ-ರಾಕ್ ಹಳ್ಳಿಗರ ಹಾಡನ್ನು ಕೆಡಿಸಿದ ಪೇಟೆಯ ಶೋಕಿಯಲ್ಲ. ಹಳ್ಳಿಯನ್ನು ಕಳೆದುಕೊಂಡ ಪೇಟೆಯವರು ತಮ್ಮ ಕೈಯಲ್ಲಿದ್ದ ವಾದ್ಯಗಳಿಂದಲೇ ಅದಕ್ಕೆ ದಾರಿ ಹುಡುಕಿದ ಪ್ರಯತ್ನ. ಅದರ ಶ್ರೇಷ್ಠ ಕೃತಿಗಳಲ್ಲಿ ಕಥನದ ಸಮದನಿಯನ್ನು ವಾದ್ಯಗಳು ಕೆಡಿಸಲಿಲ್ಲ, ಕಾಪಾಡಿದವು. ಇದನ್ನು ಖಚಿತವಾಗಿ ಹೇಳಲು ನಮಗೆ ಸಾಧ್ಯವಾದದ್ದು ಮೂಲಟೇಪಿನವರೆಗೆ ಹೋದ ನಿಷ್ಠಾವಂತ ಸಂಸ್ಕಾರಕರ ಶ್ರಮದಿಂದ. ಅದೇ ಹೆಸರಿನಲ್ಲಿ ಬಂದ ಅವಿವೇಕದ ಕೆಲಸವನ್ನು ಬೇರ್ಪಡಿಸಿ ನೋಡುವ ಹೊಣೆ ಕೇಳುಗನದು. ‘ಟ್ಯಾಮ್ ಲಿನ್’ ಕಥೆಯಲ್ಲಿ ಜಾನೆಟ್ ತನ್ನ ನಲ್ಲನನ್ನು ಅಪ್ಪಿ ಹಿಡಿದಾಗ ಅವನು ಒಂದಾದ ಮೇಲೊಂದು ಘೋರರೂಪವನ್ನು ತಾಳುತ್ತಾನೆ. ಅವಳು ಕೈಬಿಡದೆ ಹಿಡಿದುದರಿಂದ ಕೊನೆಗೆ ಮನುಷ್ಯನಾಗಿ ಅವಳಿಗೆ ದಕ್ಕುತ್ತಾನೆ. ಹಾಡು ಮೇಣದ ಉರುಳೆಯಿಂದ ತಟ್ಟೆಗೆ, ತಟ್ಟೆಯಿಂದ ಟೇಪಿಗೆ, ಟೇಪಿನಿಂದ ಅಂಕಿಗೆ ರೂಪ ಬದಲಿಸುವಾಗ ಬೇಕಾದ ನಿಷ್ಠೆಯೂ ಅದೇ.

ಹೊರನಾಡಿನ ಕನ್ನಡಿಗರಾದ ನಮಗೆ ಇದರಿಂದ ಒಂದು ಪಾಠವಿದೆ. ನಮ್ಮ ಸಂಘಗಳ ಸಭೆಗಳಲ್ಲಿ, ಮನೆಯ ಮದುವೆ ಮುಂಜಿಗಳಲ್ಲಿ ಹಾಡಿದ ಹಿರಿಯರ ದನಿ ಯಾರ ಮನೆಯ ಪೆಟ್ಟಿಗೆಯ ಟೇಪಿನಲ್ಲಾದರೂ ಉಳಿದಿದ್ದರೆ, ಅದು ನಮ್ಮ ಮಾತೃಕೆ. ಅದನ್ನು ಮೊದಲು ಇದ್ದಂತೆಯೇ ಪ್ರತಿ ಮಾಡಿಸಬೇಕು. ಹಾಡಿದವರ ಹೆಸರು, ಊರು, ಇಸವಿಗಳನ್ನು ಬರೆದಿಡಬೇಕು. ಆಮೇಲೆ ಶುದ್ಧಿಯ ಮಾತು. ಚೆಂದಗಾಣಿಸುವ ಅವಸರಕ್ಕಿಂತ ಕಾಪಿಡುವ ತಾಳ್ಮೆ ದೊಡ್ಡದು. ಟೇಪಿನ ಅಂಟು ಸಡಿಲುವುದಕ್ಕೆ ನಮ್ಮ ತಾತ್ಸಾರವನ್ನು ಕಾಯುವ ವ್ಯವಧಾನವಿಲ್ಲ.